ಹನ್ನೆರಡನೇ ಗ್ರೀನಿನಲ್ಲಿ ಹೊರಗಿನ ಹುಲ್ಲು

"ಅಲ್ಲೇ ನಿಲ್ಲು ಹುಡ್ಗಿ. ಇನ್ನೊಂದು ಹೆಜ್ಜೆ ಇಟ್ಟೆ ಅಂದ್ರೆ ನಮ್ಮಿಬ್ರ ಸ್ನೇಹ ಇಲ್ಲಿಗೇ ಮುಗೀತು."

ರೋನಾ ಗಿಲ್ಯಾಂಡರ್ಸ್ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟಳು.

ಮುಂದೆ ಹನ್ನೆರಡನೇ ಗ್ರೀನು, ಗಾಲ್ಫ್ ಚೆಂಡನ್ನು ಕುಳಿಗೆ ಬೀಳಿಸುವ ನುಣ್ಣನೆಯ ಹುಲ್ಲುಹಾಸು, ಸುಣ್ಣ ಬಳಿದ ಅಂಗಳದ ಹಾಗೆ ಬೆಳ್ಳಗೆ ಹರಡಿತ್ತು. ಇಬ್ಬನಿ ಹುಲ್ಲಿನ ತುದಿಯಲ್ಲೇ ಹೆಪ್ಪುಗಟ್ಟಿತ್ತು. ಅಂಥ ಹುಲ್ಲನ್ನು ತುಳಿದರೆ ಹೆಜ್ಜೆ ಬಿದ್ದಲ್ಲೆಲ್ಲ ಸುಟ್ಟಂತೆ ಕಪ್ಪಾಗುತ್ತದೆ, ಆ ಕಲೆ ಹೋಗಲು ಹದಿನೈದು ದಿನ ಹಿಡಿಯುತ್ತದೆ. ಗ್ರೀನಿನ ಹೊರಗೆ, ಒರಟು ಹುಲ್ಲಿನ ಮೇಲೆ, ಮರ್ಡೊ ಬೇನ್ ಬೋರಲಾಗಿ ಮಲಗಿದ್ದ. ಗಲ್ಲವನ್ನು ನೆಲಕ್ಕೆ ತಾಗಿಸಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಮೂವತ್ತೆಂಟು ವರ್ಷದಿಂದ ಪೋರ್ಟ್‌ಸ್ಕೇಲ್ ಗಾಲ್ಫ್ ಕ್ಲಬ್ಬಿನ ಮೈದಾನಕ್ಕೆ ಅವನೇ ಮೇಸ್ತ್ರಿ.

"ನನಗೆ ಐವತ್ಮೂರು ವರ್ಷ ಮರ್ಡೊ. ಹುಡ್ಗಿ ಅನ್ನೋದು ಯಾವಾಗ ಬಿಡ್ತೀಯ?"

"ನಾನು ಸತ್ತ ಮೇಲೆ. ಬಗ್ಗಿ ನೋಡು, ಅಲ್ಲಿ, ಹಿಂದಿನ ಅಂಚಲ್ಲಿ."

ರೋನಾ ಮಂಡಿಯೂರಿದಳು. ಬಿಳಿಯ ನಡುವೆ ಅಂಗೈಯಗಲದ ಒಂದು ಹಸಿರು ಬಿಲ್ಲೆ ಕಂಡಿತು. ಯಾರೋ ಅಲ್ಲಿ ಬಿಸಿ ಲೋಟ ಇಟ್ಟು ತೆಗೆದಂತೆ ಗುಂಡಗೆ, ಅಷ್ಟು ಜಾಗದಲ್ಲಿ ಮಾತ್ರ ಇಬ್ಬನಿ ಹೆಪ್ಪುಗಟ್ಟಿರಲಿಲ್ಲ.

ಕ್ಲಬ್ಬಿನ ಕಾರ್ಯದರ್ಶಿ ಕೆನ್ನಿ ಸ್ಲೇಟರ್ ಅರ್ಧ ಕುಡಿದ ಚಹಾವನ್ನು ಮೇಜಿನ ಮೇಲೆ ಬಿಟ್ಟು ಕಚೇರಿಯಿಂದ ಹೊರಗೆ ಹೋಗಿ ಇಂದಿಗೆ ಆರು ದಿನ. ಕಾರು ಕ್ಲಬ್ಬಿನ ಅಂಗಳದಲ್ಲೇ ಇತ್ತು, ಕೋಟು ಗೂಟದಲ್ಲೇ ತೂಗುತ್ತಿತ್ತು. ಪೊಲೀಸರು ಮೂರು ದಿನ ಹುಡುಕಿ, ಬೇಸರವಾಗಿ ಎಲ್ಲಿಗೋ ಹೋಗಿರಬೇಕು ಎಂದು ಕೈಚೆಲ್ಲಿದ ಮೇಲೆ ಅವನ ಅಕ್ಕ ಇನ್ವರ್‌ನೆಸ್‌ನಿಂದ ರೋನಾಳನ್ನು ಕರೆಸಿದ್ದಳು; ಪೊಲೀಸು ಕೆಲಸ ಬಿಟ್ಟ ಮೇಲೆ ಅವಳು ಖಾಸಗಿ ಪತ್ತೇದಾರಿ ಮಾಡುತ್ತಿದ್ದಳು. 'ಕೆನ್ನಿ ಹೋದ ಮೇಲೆ ಇಲ್ಲಿ ಏನಾದರೂ ಬದಲಾಗಿದೆಯೇ?' ಎಂದು ರೋನಾ ಕಂಡಕಂಡವರನ್ನೆಲ್ಲ ಕೇಳಿದ್ದಳು. ಎಲ್ಲರೂ ಇಲ್ಲ ಎಂದಿದ್ದರು. ಇಂದು ಬೆಳಗ್ಗೆ ಎಂಟಕ್ಕೆ ಫೋನು ಮಾಡಿದವನು ಮರ್ಡೊ ಒಬ್ಬನೇ.

"ಇದು ನನ್ನ ಹುಲ್ಲಲ್ಲ," ಎಂದ ಮರ್ಡೊ.

"ಅಂದ್ರೆ?"

"ಅಂದ್ರೆ ಇದು ನಮ್ಮನೆ ಮಗು ಅಲ್ಲ. ಯಾರೋ ತಂದು ತೊಟ್ಟಿಲಲ್ಲಿ ಮಲಗಿಸಿ ಹೋಗಿದ್ದಾರೆ."

ಗಾಲ್ಫ್ ಗ್ರೀನಿನ ಮೇಲೆ ಕುಳಿ ಒಂದೇ ಕಡೆ ಇರುವುದಿಲ್ಲ. ಆಟಗಾರರ ಕಾಲ್ತುಳಿತಕ್ಕೆ ಹುಲ್ಲು ಸಾಯದಿರಲೆಂದು ದಿನ ಬಿಟ್ಟು ದಿನ ಅದರ ಜಾಗ ಬದಲಾಗುತ್ತದೆ. ಕಬ್ಬಿಣದ ಕೊಳವೆಯೊಂದನ್ನು ನೆಲಕ್ಕೆ ಒತ್ತಿ ತಿರುಗಿಸಿದರೆ ಹುಲ್ಲು, ಬೇರು, ಮರಳು ಸಮೇತ ಉದ್ದನೆಯ ಬಿರಡೆಯೊಂದು ಎದ್ದು ಬರುತ್ತದೆ. ಅಲ್ಲಿ ಹೊಸ ಕುಳಿ. ಎದ್ದ ಬಿರಡೆ ಹಳೆಯ ಕುಳಿಯ ಬಾಯಿಗೆ. ಒಂದು ವಾರ ಕಳೆದರೆ ಎಲ್ಲಿ ಕೊರೆದಿತ್ತು ಎಂದು ಕೊರೆದವನಿಗೂ ತಿಳಿಯದು.

"ಆದ್ರೆ ಈ ಮೂಲೇಲಿ ನಾನು ಯಾವತ್ತೂ ಕುಳಿ ಇಟ್ಟವನಲ್ಲ," ಮರ್ಡೊ ಜೇಬಿನಿಂದ ಚಾಕು ತೆಗೆದ. "ಇಲ್ಲಿಂದ ಎಡವಿದ್ರೆ ಸಮುದ್ರ. ಏನೋ ಸರಿ ಇಲ್ಲ ಅಂತ ಸೋಮವಾರಾನೇ ಅನ್ನಿಸ್ತು. ಆದ್ರೆ ಹಸಿರಲ್ಲಿ ಹಸಿರು ಯಾವನಿಗೆ ಕಾಣತ್ತೆ? ಇವತ್ತು ಮೊದಲ್ನೇ ಸಲ ಹೀಗೆ ಹೆಪ್ಪುಗಟ್ಟಿರೋದು, ಸಿಕ್ಕಿಬಿತ್ತು."

ಮಲಗಿದಲ್ಲಿಂದಲೇ ಕೈ ಚಾಚಿ ಅವನು ಚಾಕುವನ್ನು ಬಿಲ್ಲೆಯ ಸುತ್ತ ಆಡಿಸಿದ. ಮಗುವಿನ ಹಲ್ಲು ಅಲ್ಲಾಡಿಸುವಷ್ಟು ಮೃದುವಾಗಿ. ಬಿರಡೆ ಎದ್ದು ಬಂತು. ಗೇಣುದ್ದ ಇರಬೇಕಾದದ್ದು ಮೂರೇ ಬೆರಳಿನಷ್ಟಿತ್ತು.

"ಮೋಟು ಮಾಡಿದ್ದಾರೆ. ನೋಡು, ನಮ್ಮದು ಸೂಜಿ ಹುಲ್ಲು. ಉಪ್ಪುಗಾಳಿ ಕುಡ್ಕೊಂಡು ಬದುಕೋ ಬಡಜಾತಿ. ಇದರ ಎಲೆ ಅಗಲ, ಗೊಬ್ಬರ ತಿಂದು ಕೊಬ್ಬಿದೆ. ಬೇರಿಗೆ ಮೆತ್ತಿರೋ ಮಣ್ಣು ಕಪ್ಪು. ಹನ್ನೆರಡರಲ್ಲಿ ಕಪ್ಪು ಮಣ್ಣು ಎಲ್ಲಿಂದ ಬರ್ಬೇಕು? ಇಲ್ಲಿರೋದು ಬರೀ ಮರಳು."

ಬಿರಡೆಯ ಕೆಳಗೆ ಟೊಳ್ಳಿತ್ತು. ರೋನಾ ಟಾರ್ಚಿನ ಬೆಳಕು ಬಿಟ್ಟು ಇಣುಕಿದಳು. ಒಳಗೆ ಏನೂ ಇರಲಿಲ್ಲ. ಆದರೆ ತಳದ ಮರಳು ದುಂಡಗೆ ಒತ್ತಿಹೋಗಿತ್ತು, ಗೋಡೆಯಲ್ಲಿ ತುಕ್ಕಿನ ಒಂದು ಉಂಗುರ ಮೂಡಿತ್ತು.

"ತಗಡಿನ ಡಬ್ಬಿ," ಎಂದಳು ಅವಳು. "ಕೆಲವು ವಾರವಾದ್ರೂ ಇಲ್ಲಿ ಇತ್ತು. ಈಗ ಇಲ್ಲ."

 ಮರ್ಡೊ ಕುಳಿಯ ಗೋಡೆಯನ್ನು ಬೆರಳಿನಿಂದ ಸವರುತ್ತಿದ್ದ. ಗೋಡೆಯ ಮೇಲೆ ಕತ್ತರಿಸಿದ ಗುರುತು ನೇರವಾಗಿರಲಿಲ್ಲ, ಅಲೆಅಲೆಯಾಗಿತ್ತು. ಅದನ್ನು ಎರಡು ಸಲ ಸವರಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಅಲ್ಲಿಯವರೆಗೆ ಹರಳು ಹುರಿದಂತೆ ಮಾತಾಡುತ್ತಿದ್ದವನು ಇದ್ದಕ್ಕಿದ್ದಂತೆ ಸುಮ್ಮನಾದ.

ರೋನಾ ಅದನ್ನು ಗಮನಿಸಿದಳು. ಕೇಳಲಿಲ್ಲ. ಪೊಲೀಸು ಕೆಲಸದ ಇಪ್ಪತ್ತಾರು ವರ್ಷದಲ್ಲಿ ಅವಳು ಕಲಿತದ್ದು ಅದೊಂದೇ: ಬಾಯಿ ಮುಚ್ಚಿದವನ ಹತ್ತಿರ ಬಾಯಿ ಮುಚ್ಚಿಕೊಂಡು ಕೂರುವುದು.

"ಈ ಕೊಬ್ಬಿದ ಹುಲ್ಲು ಎಲ್ಲಿಯದು?" ಎಂದಷ್ಟೇ ಕೇಳಿದಳು.

"ಕ್ಲಬ್ಬಿನ ಮುಂದಿನದು. ಅಭ್ಯಾಸ ಮಾಡ್ತಾರಲ್ಲ, ಆ ಸಣ್ಣ ಗ್ರೀನು. ಎರಡು ವರ್ಷದ ಹಿಂದೆ ಕ್ಯಾಪ್ಟನ್ ಸಾಹೇಬ್ರು ಫೋಟೋದಲ್ಲಿ ಚೆನ್ನಾಗಿ ಕಾಣ್ಬೇಕು ಅಂತ ಲಾರೀಲಿ ತರಿಸಿದ್ರು. ಚಾಪೆ ಸುತ್ತಿದ ಹಾಗೆ ಸುತ್ಕೊಂಡು ಬಂತು. ನಾನು ಬೇಡ ಅಂದೆ. ಕೇಳೋರ್ಯಾರು?"

"ಅಲ್ಲಿಯದು ಇಲ್ಲಿಗೆ ಬಂದಿದೆ. ಹಾಗಾದ್ರೆ ಇಲ್ಲಿಯದು ಎಲ್ಲಿಗೆ ಹೋಯ್ತು?"

ಇಬ್ಬರೂ ಒಟ್ಟಿಗೆ ತಲೆಯೆತ್ತಿ ಪೂರ್ವಕ್ಕೆ ನೋಡಿದರು. ಮರಳದಿಬ್ಬದ ಹಿಂದೆ ಸೂರ್ಯ ಆಗಲೇ ತಲೆ ಹಾಕಿದ್ದ.

ಇಲ್ಲಿ ಇಬ್ಬನಿ ತೋರಿಸಿದ್ದನ್ನು ಅಲ್ಲಿಯೂ ತೋರಿಸಬೇಕು. ಬಿಸಿಲು ತಾಗಿತೆಂದರೆ ಎರಡೇ ನಿಮಿಷ, ಎಲ್ಲ ಹಸಿರೂ ಒಂದೇ ಹಸಿರು.

"ಗಾಡಿ ಹತ್ತು," ಎಂದ ಮರ್ಡೊ.

ಹುಲ್ಲು ಕೊಯ್ಯುವ ಸಾಮಾನು ಸಾಗಿಸುವ ಆ ಪುಟ್ಟ ಗಾಡಿ ಕುದುರೆಯಂತೆ ನೆಗೆಯುತ್ತ ಹೊರಟಿತು. ಕ್ಲಬ್ಬಿಗೆ ಒಂದು ಮೈಲಿ. ರೋನಾ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬಿರಡೆ ಹಿಡಿದು ಕೂತಿದ್ದಳು.

"ಅಲೆಅಲೆ ಬಾಯಿಯ ಕೊಳವೆ ಯಾರ ಹತ್ರ ಇದೆ ಮರ್ಡೊ?"

"ಹಳೇ ಕಾಲದ್ದು. ಈಗ ಯಾರೂ ಬಳಸಲ್ಲ."

"ನಾನು ಕೇಳಿದ್ದು ಯಾರು ಬಳಸ್ತಾರೆ ಅಂತ ಅಲ್ಲ."

"ಗಾಡಿ ಓಡಿಸೋವಾಗ ನನ್ನನ್ನ ಮಾತಾಡಿಸ್ಬೇಡ."

*

ಅಭ್ಯಾಸದ ಗ್ರೀನಿನ ಅರ್ಧ ಆಗಲೇ ಒದ್ದೆಯಾಗಿ ಹೊಳೆಯುತ್ತಿತ್ತು. ಉಳಿದ ಅರ್ಧ ಕ್ಲಬ್ಬಿನ ಕಟ್ಟಡದ ನೆರಳಿನಲ್ಲಿತ್ತು. ಆ ನೆರಳು ಬೆರಳು ಬೆರಳಾಗಿ ಹಿಂದೆ ಸರಿಯುತ್ತಿತ್ತು.

ಇಬ್ಬರೂ ಅಂಚಿನ ಸುತ್ತ ಬಗ್ಗಿ ನಡೆದರು. ಇಲ್ಲಿಯ ಮಣ್ಣು ಕಪ್ಪು, ತುಸು ಬೆಚ್ಚಗೆ. ಇಬ್ಬನಿ ಎಲ್ಲೆಡೆ ತೆಳುವಾಗಿತ್ತು. ಹಾಗಾಗಿ ಇಲ್ಲಿ ಹುಡುಕಬೇಕಾದದ್ದು ಹಸಿರು ಬಿಲ್ಲೆಯನ್ನಲ್ಲ, ಅಚ್ಚ ಬಿಳಿಯ ಬಿಲ್ಲೆಯನ್ನು.

ರೋನಾಳ ಕಣ್ಣಿಗೆ ಬಿದ್ದಾಗ ಬಿಸಿಲು ಅದಕ್ಕೆ ಒಂದು ಮಾರು ದೂರದಲ್ಲಿತ್ತು. ಮರ್ಡೊ ಗಾಡಿಯಿಂದ ಹಲಗೆ ತಂದು ಹಾಸಿದ. ಈ ಸಲ ಬಿರಡೆ ತೆಗೆಯಲು ಅವನು ಚಾಕು ಬಳಸಲಿಲ್ಲ, ಎರಡು ಬೆರಳು ಸಾಕಾಯಿತು.

"ಸಡಿಲ ಇದೆ," ಎಂದು ಗೊಣಗಿದ.

ಒಳಗೆ ಡಬ್ಬಿ ಇತ್ತು. ಪೈಪಿನ ಹೊಗೆಸೊಪ್ಪು ತುಂಬಿ ಬರುವ ದುಂಡನೆಯ ತಗಡಿನ ಡಬ್ಬಿ. ಪೈಪು ಸೇದುತ್ತಿದ್ದವನು ಈ ಕ್ಲಬ್ಬಿನಲ್ಲಿ ಒಬ್ಬನೇ, ಕೆನ್ನಿ ಸ್ಲೇಟರ್. ರೋನಾ ಮುಚ್ಚಳ ತಿರುಗಿಸಿದಳು. ಒಳಗೆ ರಬ್ಬರು ಸುತ್ತಿದ ಒಂದು ನೋಟುಪುಸ್ತಕ. ಮೊದಲ ಹಾಳೆಯಲ್ಲಿ ತಾರೀಖು, ಮುಂದೆ ಒಂದು ಅಂಕಿ. ಕೆಳಗೆ ಇನ್ನೊಂದು ತಾರೀಖು, ಇನ್ನೊಂದು ಅಂಕಿ. ಅಷ್ಟೇ.

"ಬೆಳಬೆಳಗ್ಗೆ ತೋಟಗಾರಿಕೆಯೋ?"

ದನಿ ಹಿಂದಿನಿಂದ ಬಂತು. ರೋನಾ ತಿರುಗುವಷ್ಟರಲ್ಲಿ ಡಬ್ಬಿ ಕೋಟಿನ ಜೇಬು ಸೇರಿತ್ತು. ಮರ್ಡೊ ಬಿರಡೆಯನ್ನು ಜಾಗದಲ್ಲಿಟ್ಟು ಅದರ ಮೇಲೇ ಅಂಗೈ ಊರಿಕೊಂಡಿದ್ದ.

ಕ್ಲಬ್ಬಿನ ಕ್ಯಾಪ್ಟನ್ ಗ್ರೆಗರ್ ಟಲ್ಲಕ್ ಕಾಫಿಯ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ನಿವೃತ್ತ ದಂತವೈದ್ಯ. ಯಾರ ಜೊತೆ ಮಾತಾಡಿದರೂ ಅವರ ಕಣ್ಣು ನೋಡದೆ ಹಲ್ಲು ನೋಡುವುದು ಅವನ ಅಭ್ಯಾಸ.

"ಮರ್ಡೊ ನನಗೆ ಹುಲ್ಲಿನ ಪಾಠ ಹೇಳಿಕೊಡ್ತಿದ್ದಾನೆ," ಎಂದಳು ರೋನಾ.

"ಒಳ್ಳೇದು. ಆದ್ರೆ ಹನ್ನೊಂದಕ್ಕೆ ಕಂಪನಿಯವರು ಬರ್ತಾರೆ. ಶನಿವಾರ ಸದಸ್ಯರ ಮತ ಇದೆ, ಗೊತ್ತಲ್ಲ. ಐವತ್ತು ವರ್ಷ ಈ ಮೈದಾನ ನಡೆಸೋಕೆ ಮುಂದೆ ಬಂದಿರೋರು. ಅವರ ಕಣ್ಣಿಗೆ ನಮ್ಮ ಗ್ರೀನಿನ ಮೇಲೆ ಪತ್ತೇದಾರರು ಅಂಬೆಗಾಲಿಡೋದು ಬೀಳಬಾರದು."

"ಸೋಮವಾರ ಹನ್ನೆರಡನೇ ಗ್ರೀನಿನ ಹಿಂದೆ ನೆಲ ಕೊರೆದವರೂ ಅವರೇನಾ?"

"ಮಣ್ಣಿನ ಪರೀಕ್ಷೆ. ಮಾಮೂಲಿ." ಟಲ್ಲಕ್‌ನ ನೋಟ ಅವಳ ಹಲ್ಲಿನಿಂದ ಇಳಿದು ಕೋಟಿನ ಉಬ್ಬಿದ ಜೇಬಿನ ಮೇಲೆ ಕ್ಷಣ ನಿಂತಿತು. "ಕೆನ್ನಿ ಬಗ್ಗೆ ಏನಾದರೂ ಸಿಕ್ತಾ?"

"ಸಿಕ್ಕರೆ ಅವನ ಅಕ್ಕನಿಗೆ ಮೊದಲು ಹೇಳ್ತೀನಿ."

"ಸಹಜ," ಎಂದು ಅವನು ಒಳಗೆ ಹೋದ. ಬಾಗಿಲು ಮುಚ್ಚಲಿಲ್ಲ.

ಬಿಸಿಲು ಬಿಳಿ ಬಿಲ್ಲೆಯ ಮೇಲೆ ಹಾದುಹೋಯಿತು. ಗ್ರೀನೆಲ್ಲ ಒಂದೇ ಬಣ್ಣವಾಯಿತು. ಮರ್ಡೊ ಹಲಗೆ ಎತ್ತಿ ಗಾಡಿಗೆ ಹಾಕಿ, ಹಗ್ಗ ಬಿಗಿದು, ಬಿಗಿದದ್ದನ್ನೇ ಬಿಚ್ಚಿ ಮತ್ತೆ ಬಿಗಿದ. ರೋನಾ ಕಾದಳು.

"ನನಗೆ ಹದಿನಾರು ವರ್ಷ ಇದ್ದಾಗ ಈ ಕೆಲಸ ಕಲಿಸಿದ ಗುರು ಒಬ್ರಿದ್ರು," ಎಂದ ಕೊನೆಗೆ, ಹಗ್ಗವನ್ನೇ ನೋಡುತ್ತ. "ಕುಳಿ ಕೊರೆಯೋಕೆ ಮುಂಚೆ ಪ್ರತಿ ಸಲ ಕೊಳವೆ ಬಾಯಿಗೆ ಉಗುಳಿ ಒರೆಸೋರು. ಅಂಥ ಕೈ ಇನ್ನೊಂದು ನಾನು ನೋಡಿಲ್ಲ."

"ಅವರು ಈಗ ಎಲ್ಲಿದ್ದಾರೆ?"

"ಚರ್ಚಿನ ಹಿಂದೆ ಮಲಗಿ ಮೂವತ್ತು ವರ್ಷ ಆಯ್ತು." ಅವನು ಗಾಡಿ ಹತ್ತಿದ. "ಬಾರಿನ ಗೋಡೆ ನೋಡು. ನಾನು ಏನೂ ಹೇಳಿಲ್ಲ."

*

ಬಾರಿನಲ್ಲಿ ಯಾರೂ ಇರಲಿಲ್ಲ. ಬೆಂಕಿಗೂಡಿನ ಮೇಲೆ, ಹಳೆಯ ಕ್ಯಾಪ್ಟನ್‌ಗಳ ಫೋಟೋಗಳ ನಡುವೆ, ಎರಡು ಕೊಕ್ಕೆಯ ಮೇಲೆ ಮರದ ಹಿಡಿಯ ಕಬ್ಬಿಣದ ಕೊಳವೆಯೊಂದು ಅಡ್ಡಲಾಗಿ ಮಲಗಿತ್ತು. ಕೆಳಗೆ ಹಿತ್ತಾಳೆಯ ಫಲಕ: 'ಡೇವಿಡ್ ಫ್ಲೆಟ್, ಈ ಮೈದಾನದ ಮೇಸ್ತ್ರಿ, ೧೯೪೭–೧೯೮೬.'

ಕೊಕ್ಕೆಗಳ ಮೇಲೆ ಧೂಳು ಕೂತಿತ್ತು. ಕೊಳವೆಯ ಮೇಲೆ ಇರಲಿಲ್ಲ. ಅದರ ಬಾಯಿ ಅಲೆಅಲೆಯಾಗಿತ್ತು. ರೋನಾ ಒಳಗೆ ಬೆರಳು ಹಾಕಿದಾಗ ಉಗುರಿಗೆ ಕಪ್ಪು ಮಣ್ಣು ಹತ್ತಿತು, ಅದರ ಜೊತೆ ಅಗಲ ಎಲೆಯ ಒಂದು ಎಳೆ ಹುಲ್ಲು.

ಡೇವಿಡ್ ಫ್ಲೆಟ್‌ಗೆ ಒಬ್ಬಳೇ ಮಗಳು. ಅವಳು ಈ ಕ್ಷಣ ಇದೇ ಕಟ್ಟಡದಲ್ಲಿ, ನಾಲ್ಕು ಬಾಗಿಲು ಆಚೆ ಇದ್ದಳು.

ಹೆಂಗಸರ ವಿಭಾಗದ ಕ್ಯಾಪ್ಟನ್ ವಿಲ್ಮಾ ಫ್ಲೆಟ್‌ಗೆ ಎಪ್ಪತ್ತೊಂದು. ಬಂದರಿನ ಮೀನು ಹೊಗೆಹಾಕುವ ಮನೆಯನ್ನು ಮೂವತ್ತು ವರ್ಷ ನಡೆಸಿದವಳು. ಪೋರ್ಟ್‌ಸ್ಕೇಲ್‌ನಲ್ಲಿ ಅರ್ಧ ಊರು ಅವಳ ಕೈಕೆಳಗೆ ದುಡಿದಿತ್ತು, ಉಳಿದರ್ಧ ಅವಳ ಬಾಯಿಗೆ ಹೆದರುತ್ತಿತ್ತು. ತನ್ನ ಪುಟ್ಟ ಕೋಣೆಯಲ್ಲಿ ಅವಳು ಬುಧವಾರದ ಪಂದ್ಯದ ಚೀಟಿಗಳನ್ನು ಜೋಡಿಸುತ್ತ ಬೆಣ್ಣೆ ಹಚ್ಚಿದ ರೋವಿ ಬನ್ನು ತಿನ್ನುತ್ತಿದ್ದಳು.

"ಬಾ, ಕೂತ್ಕೋ. ಇನ್ನೊಂದು ಇದೆ, ಬಿಸಿ ಇದೆ. ಇಬ್ಬನಿ ಕರಗೋವರೆಗೂ ಯಾರೂ ಆಡಬಾರದು ಅಂತ ಮರ್ಡೊ ಅಪ್ಪಣೆ. ಹನ್ನೊಂದು ಜನ ಹೆಂಗಸ್ರು ಆಚೆ ಕೂತು ನನ್ನನ್ನ ಬೈತಾ ಇದ್ದಾರೆ."

"ಮರ್ಡೊನ ಬೈಬೇಕಲ್ವಾ?"

"ಅವನನ್ನ ಬೈದ್ರೆ ನಾಳೆ ಕುಳೀನ ಇಳಿಜಾರಲ್ಲಿ ಇಡ್ತಾನೆ. ಅದಕ್ಕೇ ನಾನು ಇರೋದು."

ರೋನಾ ಕಂಕುಳಲ್ಲಿದ್ದ ಹಳೆ ಪೇಪರಿನ ಸುರುಳಿಯನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ವಿಲ್ಮಾ ಕೊಳವೆಯನ್ನು ನೋಡಿದಳು. ಬೆರಳಿನ ಬೆಣ್ಣೆಯನ್ನು ನೆಕ್ಕಿ ಕರವಸ್ತ್ರಕ್ಕೆ ಒರೆಸಿದಳು.

"ಅಪ್ಪಂದು. ಗೋಡೆಯಿಂದ ಇಳಿಸೋಕೆ ಕಮಿಟಿ ಒಪ್ಪಿಗೆ ಬೇಕು."

"ನೀವು ಇಳಿಸಿದಾಗ ತಗೊಂಡಿದ್ರಾ?"

"ನಾನು ಇಳಿಸ್ದೆ ಅಂತ ಯಾರು ಹೇಳಿದ್ದು? ಮರ್ಡೊನಾ?"

"ಮರ್ಡೊ ಬಾಯಿಂದ ಒಂದು ಮಾತು ಹೊರಡಿಸೋಕೆ ಇಕ್ಕಳ ಬೇಕು. ನನಗೆ ಹೇಳಿದ್ದು ಹುಲ್ಲು."

"ಹುಲ್ಲು."

"ಡಬ್ಬಿ ಮೊದಲು ಹನ್ನೆರಡರಲ್ಲಿತ್ತು. ಆಮೇಲೆ ಮುಂದಿನ ಸಣ್ಣ ಗ್ರೀನಿಗೆ ಬಂತು. ನಾನಾಗಿದ್ರೆ ಅಲ್ಲಿ ತೆಗೆದ ಬಿರಡೆ ಅಲ್ಲೇ ಮುಚ್ಚಿ, ಇಲ್ಲಿ ತೆಗೆದದ್ದು ಇಲ್ಲೇ ಮುಚ್ತಿದ್ದೆ. ಯಾರಾದ್ರೂ ಹಾಗೇ ಮಾಡೋರು. ಹೊಸ ಕಡೆ ಕೊರೆದದ್ದನ್ನ ಒಂದು ಮೈಲಿ ಹೊತ್ಕೊಂಡು ಹೋಗಿ ಹಳೇ ಕಡೆ ತುಂಬೋದು ಈ ಕೆಲಸ ಮೈಗೂಡಿದವರು ಮಾತ್ರ. ಈ ಊರಲ್ಲಿ ಅಂಥವರು ಇಬ್ರು. ಒಬ್ಬ ನನಗೆ ಫೋನ್ ಮಾಡಿ ಕರೆದ."

 ವಿಲ್ಮಾಳ ಹೊಟ್ಟೆ ಕುಲುಕಿತು. ನಗುತ್ತಿದ್ದಳು.

"ಆರು ವರ್ಷದವಳಿಗೆ ಅಪ್ಪ ಹೇಳಿಕೊಟ್ಟದ್ದು. ಹೊಸದನ್ನ ಕೊರಿ, ಹಳೇದನ್ನ ತುಂಬು. ಮನಸ್ಸು ಎಲ್ಲೋ ಇತ್ತು. ಕೈ ತನ್ನ ಪಾಡಿಗೆ ತಾನು ಮಾಡ್ತು ನೋಡು." ಅವಳು ಎದ್ದು ಬಾಗಿಲು ಹಾಕಿ ಬಂದಳು. "ತೆಗಿ, ಡಬ್ಬಿ ತೆಗಿ. ಜೇಬಲ್ಲಿ ಇಟ್ಕೊಂಡು ಗರ್ಭಿಣಿ ಥರ ಕಾಣ್ತಾ ಇದ್ದೀಯ."

ರೋನಾ ಡಬ್ಬಿಯನ್ನು ಮೇಜಿನ ನಡುವೆ ಇಟ್ಟಳು. ನೋಟುಪುಸ್ತಕ ತೆರೆದು ಮೊದಲ ಹಾಳೆ ತಿರುಗಿಸಿ ತೋರಿಸಿದಳು.

"ಇದೇನಿದು?"

"ಸಮುದ್ರ," ಎಂದಳು ವಿಲ್ಮಾ. "ಹನ್ನೆರಡನೇ ಗ್ರೀನಿನ ಹಿಂದಿನ ಅಂಚಿಂದ ಮರಳದಿಬ್ಬದ ತುದಿಗೆ ಎಷ್ಟು ಮೀಟರು ಅಂತ. ಪ್ರತಿ ತಿಂಗಳ ಮೊದಲ ಸೋಮವಾರ ಕೆನ್ನಿ ಟೇಪು ಹಿಡ್ಕೊಂಡು ಹೋಗೋನು. ಇಪ್ಪತ್ತೈದು ವರ್ಷ ಒಂದು ತಿಂಗಳು ತಪ್ಪಿಸಿಲ್ಲ. ಶುರು ಮಾಡಿದಾಗ ಐವತ್ತೆಂಟು ಇತ್ತು."

"ಈಗ?"

"ಹೋದ ತಿಂಗಳು ಇಪ್ಪತ್ತೊಂದು."

ರೋನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"ಕೂಡಿ ಕಳೆಯೋದು ಬೇಡ," ಎಂದಳು ವಿಲ್ಮಾ. "ಈಚೆಗೆ ಅದು ಬೇಗ ಬೇಗ ತಿಂತಾ ಇದೆ. ಆರೇಳು ವರ್ಷದಲ್ಲಿ ಹನ್ನೆರಡು ಹೋಗತ್ತೆ. ಆಮೇಲೆ ಹದಿಮೂರು, ಹದಿನಾಲ್ಕು. ಕಂಪನಿಗೆ ಟಲ್ಲಕ್ ಕೊಟ್ಟಿರೋ ಕಾಗದದಲ್ಲಿ ಮಾತ್ರ ದಿಬ್ಬ ಬಂಡೆ ಹಾಗೆ ಭದ್ರ. ಶನಿವಾರದ ಸಭೇಲಿ ಇದನ್ನ ಎದ್ದು ನಿಂತು ಓದ್ತೀನಿ ಅಂದಿದ್ದ ಕೆನ್ನಿ. ಅದು ಟಲ್ಲಕ್ ಕಿವಿಗೆ ಬಿತ್ತು. ಕೆನ್ನಿ ಡ್ರಾಯರು ಎರಡು ಸಲ ಯಾರೋ ತಡಕಾಡಿದ್ರು. ಅದಕ್ಕೇ ಡಬ್ಬೀಲಿ ಹಾಕಿ ಹೂಳೋಣ ಅಂದ. ಅಕ್ಟೋಬರಲ್ಲಿ ಹನ್ನೆರಡರಲ್ಲಿ ಕೊರೆದುಕೊಟ್ಟವಳು ನಾನೇ."

"ಅಂದ್ರೆ ನೀವು ಕೆನ್ನಿ ಕಡೆ."

"ಯಾರು ಹೇಳಿದ್ದು? ಓದಬೇಡ ಕಣೋ ಅಂತ ಅವನ ಕಾಲು ಒಂದು ಹಿಡೀಲಿಲ್ಲ." ವಿಲ್ಮಾಳ ದನಿ ಗಡುಸಾಯಿತು. "ಈ ಊರಲ್ಲಿ ಮೀನಿಲ್ಲ. ದೋಣಿಗಳು ಹೋದವು, ನನ್ನ ಹೊಗೆಮನೆ ಹೋಯ್ತು. ಉಳಿದಿರೋದು ಈ ಕ್ಲಬ್ಬು. ಅಡುಗೆಯೋರು, ಹುಲ್ಲು ಕೊಯ್ಯೋರು, ಹೋಟೆಲಿನೋರು, ಮೂವತ್ನಾಲ್ಕು ಮನೆ ಒಲೆ ಇದರಿಂದ ಉರಿಯತ್ತೆ. ಇದನ್ನ ಓದಿದ ಮಾರನೇ ದಿನ ಕಂಪನಿ ಓಡಿಹೋಗತ್ತೆ. ನಿಜ ಹೇಳಿದ ಅಂತ ಕೆನ್ನಿಗೆ ಯಾರು ಹಾರ ಹಾಕ್ತಾರೆ?"

"ಹಾಗಾದ್ರೆ ಸುಟ್ಟುಬಿಡಬಹುದಿತ್ತಲ್ಲ. ಡಬ್ಬಿ ನಿಮ್ಮ ಕೈಲಿತ್ತು, ನಕಲು ಇಲ್ಲ."

ವಿಲ್ಮಾ ನೋಟುಪುಸ್ತಕದ ಹೊದಿಕೆಯ ಮೇಲೆ ಕೈಯಿಟ್ಟಳು. ಹೊಗೆಮನೆಯ ಉಪ್ಪುನೀರಿಗೆ ಗಂಟುಗಟ್ಟಿದ ಬೆರಳುಗಳು.

"ಒಬ್ಬ ಮನುಷ್ಯ ಮಳೆ, ಹಿಮ ಅನ್ನದೆ ಇಪ್ಪತ್ತೈದು ವರ್ಷ ಅಳೆದದ್ದು. ಸುಡೋಕೆ ನಾನ್ಯಾರು?"

ಆಚೆಯ ಕೋಣೆಯಿಂದ ಹೆಂಗಸರ ನಗು ಕೇಳಿಸಿತು. ಯಾರೋ ವಿಲ್ಮಾಳ ಹೆಸರು ಕೂಗಿದರು. 

"ಜಾಗ ಯಾಕೆ ಬದಲಿಸಿದ್ರಿ?"

"ಸೋಮವಾರ ಕಂಪನಿಯೋರು ಹನ್ನೆರಡರ ಹಿಂದೆ ಕೊರೀತಾರೆ ಅಂತ ಬೋರ್ಡಿಗೆ ಚೀಟಿ ಅಂಟಿಸಿದ್ರು. ಅವರ ಕೈಗೆ ಸಿಕ್ರೆ ಕಥೆ ಮುಗೀತು. ಶುಕ್ರವಾರ ಬೆಳಗ್ಗೆ, ಮರ್ಡೊ ಇನ್ನೂ ಗಂಜಿ ಕುಡೀತಿರೋ ಹೊತ್ತಿಗೆ, ಎತ್ತಿ ತಂದೆ. ಕ್ಯಾಪ್ಟನ್ ಕಿಟಕಿ ಕೆಳಗೇ ಇಟ್ಟೆ. ಅಲ್ಲಿ ಯಾರು ಹುಡುಕ್ತಾರೆ?"

"ಆಮೇಲೆ ಮುಟ್ಟಿದ್ರಾ?"

"ಇಲ್ಲ."

"ಬೇರೆ ಯಾರಿಗಾದ್ರೂ ಹೇಳಿದ್ರಾ?"

"ನನ್ನ ಬೆಕ್ಕಿಗೂ ಹೇಳಿಲ್ಲ."

ರೋನಾ ತನ್ನ ಟಿಪ್ಪಣಿ ತೆಗೆದಳು. ವಿಲ್ಮಾ ಪೊಲೀಸರಿಗೆ ಕೊಟ್ಟ ಹೇಳಿಕೆ ಅದರಲ್ಲಿತ್ತು. "ಕೆನ್ನಿನ ಕೊನೇ ಸಲ ನೋಡಿದ್ದು ಗುರುವಾರ ಹನ್ನೆರಡು ಗಂಟೆಗೆ, ಕಚೇರೀಲಿ, ಚಹಾ ಕುಡೀತಿದ್ದ. ಹಾಗೇ ಅಲ್ವಾ ನೀವು ಹೇಳಿದ್ದು?"

"ಹಾಗೇ."

ಉತ್ತರ ಬೇಗ ಬಂತು. ಇಷ್ಟು ಹೊತ್ತೂ ಪ್ರತಿ ಪ್ರಶ್ನೆಗೂ ಒಂದು ಕಥೆ ಹೇಳಿದವಳು ಈ ಸಲ ಒಂದೇ ಮಾತು ಆಡಿದ್ದಳು.

ರೋನಾ ಒತ್ತಾಯಿಸಲಿಲ್ಲ. ನೋಟುಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಹಾಳೆ ಮಗುಚುತ್ತ ಹೋದಳು. ಐವತ್ತೆಂಟು ಐವತ್ತಾಗಿ, ನಲವತ್ತಾಗಿ, ಒಬ್ಬ ಮನುಷ್ಯನ ನಡುವಯಸ್ಸೆಲ್ಲ ಅಂಕಿಯಾಗಿ ಇಳಿಯುತ್ತ ಬಂತು. ಅಲ್ಲಲ್ಲಿ ಒಂದೊಂದು ಮಾತು: 'ಜೋರು ಗಾಳಿ.' 'ಟೇಪು ಹೊಸದು.' 'ಅಮ್ಮ ಇವತ್ತು ಹೋದಳು.' ಅವತ್ತೂ ಅಳೆದಿದ್ದ. ಏಳರ ಅಂಕಿಗೆಲ್ಲ ನಡುವೆ ಒಂದು ಅಡ್ಡಗೆರೆ, ಕೆನ್ನಿಯ ರೂಢಿ. ಕಚೇರಿಯ ಕಾಗದಗಳಲ್ಲಿ ಅವಳು ಅದನ್ನು ನೂರು ಸಲ ನೋಡಿದ್ದಳು.

ಬರೆದ ಕೊನೆಯ ಹಾಳೆಗೆ ಬಂದಾಗ ಅವಳ ಬೆರಳು ನಿಂತಿತು.

"ವಿಲ್ಮಾ, ನಿಮ್ಮ ಕನ್ನಡಕ ಹಾಕ್ಕೊಳ್ಳಿ."

"ಯಾಕೆ?"

"ಇದನ್ನ ನೀವೇ ಓದಿ. ಜೋರಾಗಿ."

ವಿಲ್ಮಾ ಕನ್ನಡಕ ಏರಿಸಿ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಓದಿದಳು. "ಅಕ್ಟೋಬರ್ ಏಳು. ಇಪ್ಪತ್ತೊಂದು." ಅದರ ಕೆಳಗಿನ ಸಾಲಿಗೆ ಬಂದಳು. ಪುಸ್ತಕವನ್ನು ಬೆಳಕಿಗೆ ಇನ್ನೂ ಹತ್ತಿರ ಹಿಡಿದಳು.

ರೋನಾ ಅದನ್ನು ಓದಿ ಹೇಳಿದಳು. "ನವೆಂಬರ್ ನಾಲ್ಕು, ಸೋಮವಾರ. ಹದಿನೇಳು ಮೀಟರ್. ಶನಿವಾರದ ಬಿರುಗಾಳಿಗೆ ನಾಲ್ಕು ಹೋಯಿತು." ಅವಳು ಮೇಜಿನ ಮೇಲೆ ಮುಂದೆ ಬಾಗಿದಳು. "ಮೊನ್ನೆ. ನೀವು ಶುಕ್ರವಾರ ಹೂತ ಡಬ್ಬೀನ ಯಾರೋ ಸೋಮವಾರ ತೆಗೆದು, ಬರೆದು, ಮತ್ತೆ ಇಟ್ಟಿದ್ದಾರೆ. ಬಿರಡೆ ಸಡಿಲ ಇತ್ತು. ಇದು ಕೆನ್ನಿ ಅಕ್ಷರ ಹೌದೋ ಅಲ್ವೋ?"

ವಿಲ್ಮಾ ಆ ಸಾಲನ್ನು ಬೆರಳಿನಿಂದ ಮುಟ್ಟಿದಳು. ಹದಿನೇಳರ ಏಳಿನ ಮೇಲೆ, ಅದರ ಅಡ್ಡಗೆರೆಯ ಮೇಲೆ, ಬೆರಳನ್ನು ಎರಡು ಸಲ ಎಳೆದಳು. ಮೂವತ್ತು ವರ್ಷ ಜೊತೆಯಲ್ಲಿ ಇಸ್ಪೀಟಾಡಿ ಅಂಕ ಬರೆಸಿದವಳಿಗೆ ಆ ಕೈ ಗೊತ್ತಿಲ್ಲದೆ ಇರಲಿಲ್ಲ.

"ಅವಂದೇ," ಎಂದಳು.

"ಹಾಗಾದ್ರೆ ಕೆನ್ನಿ ಬದುಕಿದ್ದಾನೆ. ಇಲ್ಲೇ ಹತ್ತಿರದಲ್ಲಿದ್ದಾನೆ. ಡಬ್ಬಿ ಎಲ್ಲಿದೆ ಅಂತ ಅವನಿಗೆ ಗೊತ್ತು."

"ಇಲ್ಲ."

"ಅಕ್ಷರ ಅವನದೇ ಅಂದ್ರಲ್ಲ."

"ಅಂದೆ." ವಿಲ್ಮಾ ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಕೂಡಿದ ಲೆಕ್ಕ ಎರಡನೇ ಸಲ ಬೇರೆ ಬಂದಾಗ ಆಗುವಂಥ ಒಂದು ಬೆರಗು ಮಾತ್ರ ಇತ್ತು. "ಪೊಲೀಸರಿಗೆ ನಾನು ಸುಳ್ಳು ಹೇಳಿದೆ ರೋನಾ. ಗುರುವಾರ ಮೂರು ಗಂಟೆಗೆ ನಾನು ಹನ್ನೆರಡರ ಕೆಳಗೆ, ಸಮುದ್ರದ ದಂಡೇಲಿ ಇದ್ದೆ. ದಿಬ್ಬ ಕುಸಿದಿತ್ತು. ಅವನ ಮುಖದ ಮೇಲಿನ ಮರಳು ಒರೆಸಿ, ಸತ್ತವನ ಕಣ್ಣು ಮುಚ್ಚಿದವಳು ನಾನು."